ಫ್ರಾಂಕ್‌ಫರ್ಟಿಗೆ ಹೋದ ಹಾಳೆತಟ್ಟೆ

ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ತೆಗೆಯುವ ಹುಡುಗಿ ನನ್ನ ಬಲಗೈಯ ನಾಲ್ಕು ಬೆರಳನ್ನು ಗಾಜಿನ ಮೇಲೆ ಮೂರು ಸಲ ಇಡಿಸಿದಳು. ಮೂರು ಸಲವೂ ಪರದೆಯಲ್ಲಿ ಕೆಂಪು ಬಂತು. ಟಿಶ್ಯೂ ಕೊಟ್ಟು "ಒರೆಸ್ಕೊಳ್ಳಿ ಮೇಡಂ" ಅಂದಳು. ಒರೆಸಿದೆ. ಆಮೇಲೂ ಕೆಂಪೇ. ನನ್ನ ಅಂಗೈ ತಿರುಗಿಸಿ ನೋಡಿ, "ಏನು ಕೆಲಸ ಮಾಡ್ತೀರಾ?" ಎಂದು ಕೇಳಿದಳು. ಅರ್ಜಿಯಲ್ಲಿ ಸ್ವಂತ ಉದ್ಯಮ, ಮಾಲಕಿ ಎಂದು ಬರೆದದ್ದು ಅವಳ ಎದುರಿಗೇ ಇತ್ತು. ಮಾಲಕಿಯ ಕೈ ಹೀಗಿರುವುದನ್ನು ಅವಳು ನೋಡಿರಲಿಕ್ಕಿಲ್ಲ.

ಅಡಿಕೆಯ ಹಾಳೆತಟ್ಟೆ ಮಾಡುವವರ ಬೆರಳು ಹೀಗೇ. ಬೆಳಿಗ್ಗೆಯಿಂದ ನೀರಲ್ಲಿ ನೆನೆಸಿದ ಹಾಳೆಯನ್ನು ಬ್ರಷ್ ಹಾಕಿ ತಿಕ್ಕುವುದು, ಅದೇ ಒದ್ದೆ ಕೈಯಲ್ಲಿ ಕಾದ ಡೈಯಿಂದ, ಅಂದರೆ ಮೆಷೀನಿನ ಅಚ್ಚಿನಿಂದ, ತಟ್ಟೆ ಎತ್ತುವುದು. ನಾಲ್ಕೈದು ವರ್ಷದಲ್ಲಿ ಗೆರೆಗಳೆಲ್ಲ ಸವೆದು ಬೆರಳ ತುದಿ ನುಣ್ಣಗಾಗುತ್ತದೆ. ನಮ್ಮೂರಿನ ರೇಷನ್ ಅಂಗಡಿಯ ಯಂತ್ರಕ್ಕೂ ನನ್ನ ಹೆಬ್ಬೆಟ್ಟು ಆಗುವುದಿಲ್ಲ. ನಮ್ಮ ಮನೆಯ ಅಕ್ಕಿ ಬರುವುದು ಅತ್ತೆಯ ಹೆಬ್ಬೆಟ್ಟಿನಲ್ಲಿ. ಕಡೆಗೆ ಒಳಗಿನಿಂದ ಹಿರಿಯರೊಬ್ಬರು ಬಂದು, ಬೆರಳಿಗೆ ಸ್ವಲ್ಪ ಕ್ರೀಮು ಹಚ್ಚಿಸಿ, ಮೇಲಿಂದ ತಮ್ಮ ಕೈಯಿಟ್ಟು ಒತ್ತಿಸಿದರು. ಹಸಿರು ಬಂತು. ಆ ರಾತ್ರಿಯ ಬಸ್ಸಲ್ಲೇ ಪುತ್ತೂರಿಗೆ ವಾಪಸು, ಬೆಳಿಗ್ಗೆ ಎಂಟಕ್ಕೆ ಮತ್ತೆ ಹಾಳೆ ತಿಕ್ಕಲಿಕ್ಕೆ.

ಘಟಕ ಅಂದರೆ ದೊಡ್ಡದೇನಲ್ಲ. ಮನೆಯ ಹಿಂದಿನ ಹಳೇ ಹಟ್ಟಿಗೆ ಶೀಟು ಹಾಕಿ ಮಾಡಿದ ಜಾಗ. ನಾಲ್ಕು ಮೆಷೀನು, ಏಳು ಹೆಂಗಸರು. ತೋಟ ನೋಡಿಕೊಳ್ಳುವುದು ನಮ್ಮವರು. ಹಾಳೆಯ ಸಂಗತಿ ಗೊತ್ತಿಲ್ಲದವರಿಗಾಗಿ ಒಂದು ಮಾತು: ಅಡಿಕೆ ಮರದ ಸೋಗೆ ಒಣಗಿ ಬೀಳುವಾಗ ಅದರ ಬುಡದ ಅಗಲವಾದ ಭಾಗವೂ ಕಳಚಿಕೊಂಡು ಬರುತ್ತದೆ, ಅದೇ ಹಾಳೆ. ಮರಕ್ಕೆ ವರ್ಷಕ್ಕೆ ಐದಾರು. ಮರ ಕಡಿಯುವುದಿಲ್ಲ, ಕೊಯ್ಯುವುದೂ ಇಲ್ಲ, ತಾನಾಗಿ ಬಿದ್ದದ್ದನ್ನು ಹೆಕ್ಕುವುದು. ಆದರೆ ಹೆಕ್ಕುವುದಕ್ಕೆ ಕಾಲ ಉಂಟು. ಜನವರಿಯಿಂದ ಮೇ ಕೊನೆಯೊಳಗೆ ವರ್ಷಕ್ಕೆ ಬೇಕಾದ ಹಾಳೆಯನ್ನೆಲ್ಲ ಒಣಗಿಸಿ ಒಳಗೆ ಅಟ್ಟಿ ಇಟ್ಟುಬಿಡಬೇಕು. ಮಳೆ ಹಿಡಿದ ಮೇಲೆ ಬಿದ್ದ ಹಾಳೆಗೆ ಬೂಸ್ಟು ಬರುತ್ತದೆ, ಅದು ಗೊಬ್ಬರದ ಗುಂಡಿಗೇ.

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ನಡೆಯುವ, ಮನೆಬಳಕೆಯ ವಸ್ತುಗಳ ಅಂಬಿಯೆಂಟೆ ಮೇಳ ಬೀಳುವುದು ಸರಿಯಾಗಿ ಈ ಕಾಲದಲ್ಲಿ. 2025ರಲ್ಲಿ ಫೆಬ್ರವರಿ 7ರಿಂದ 11. ತೋಟದಲ್ಲಿ ಕೊಯ್ಲು, ಅಂಗಳದಲ್ಲಿ ಅಡಿಕೆ, ಘಟಕಕ್ಕೆ ದಿನಕ್ಕೊಂದು ಪಿಕಪ್ ಹಾಳೆ, ಮಗಳು ಎಸ್ಸೆಸ್ಸೆಲ್ಸಿ, ಅವಳ ಪರೀಕ್ಷೆ ಮಾರ್ಚ್ 21ಕ್ಕೆ ಶುರು. ರಫ್ತು ಉತ್ತೇಜನ ಮಂಡಳಿಯ ಗುಂಪು ಮಳಿಗೆಯಲ್ಲಿ ಒಂದು ಮೂಲೆ ಸಿಗುತ್ತದೆ ಎಂದು ತಿಳಿದ ದಿನ ನನಗೆ ಖುಷಿಗಿಂತ ಮೊದಲು ಬಂದದ್ದು ಸಿಟ್ಟು. ಮೇಳ ಮಾಡುವವರಿಗೆ ಮಳೆಗಾಲದಲ್ಲಿ ಮಾಡಲಿಕ್ಕೆ ಏನಾಗಿತ್ತು?

ಆದರೂ ಹೋಗಬೇಕಿತ್ತು. ಯುರೋಪಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ-ಚಮಚದ ಮಾರಾಟಕ್ಕೆ 2021ರ ಜುಲೈಯಿಂದ ನಿಷೇಧ ಬಂದಮೇಲೆ ಹಾಳೆತಟ್ಟೆಗೆ ಬೇಡಿಕೆ ಇರುವುದು ನಮಗೆ ಗೊತ್ತು. ಆ ಬೇಡಿಕೆ ನಮ್ಮ ವರೆಗೆ ಬರುವಾಗ ನಡುವೆ ಮೂರು ಜನ ಇರುತ್ತಾರೆ. ನಾನು ತಮಿಳುನಾಡಿನ ವ್ಯಾಪಾರಿಗೆ ಕೊಟ್ಟ ತಟ್ಟೆ ಅವನ ಪೆಟ್ಟಿಗೆಯಲ್ಲಿ, ಅವನ ಹೆಸರಿನಲ್ಲಿ ಹೋಗುತ್ತದೆ. 500 ರೂಪಾಯಿ ಕಟ್ಟಿ ಆಮದು-ರಫ್ತು ಸಂಕೇತ ಸಂಖ್ಯೆ ತೆಗೆದು ಎರಡು ವರ್ಷ ಆಗಿತ್ತು. ಆ ಕಾಗದ ಕಪಾಟಿನಲ್ಲಿ ಮಗಳ ಅಂಕಪಟ್ಟಿಗಳ ಜೊತೆ ಮಲಗಿತ್ತು.

ವೀಸಾಕ್ಕೆ ಕೇಳಿದ ಕಾಗದಗಳ ಕಥೆ ಉದ್ದ ಹೇಳುವುದಿಲ್ಲ. 90 ಯೂರೋ ಶುಲ್ಕ, 30,000 ಯೂರೋ ತನಕ ಭರಿಸುವ ಪ್ರಯಾಣ ವಿಮೆ, ಆದಾಯ ತೆರಿಗೆಯ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಮೇಳದವರ ಪತ್ರ. ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ನಾಚಿಕೆ ಹುಟ್ಟಿಸಿತು. ನನ್ನದು ಮನೆ ಖರ್ಚು, ಘಟಕದ ಖರ್ಚು ಎರಡೂ ಒಂದೇ ಖಾತೆ. ಗ್ಯಾಸ್ ಸಿಲಿಂಡರು, ಮಗಳ ಟ್ಯೂಷನ್ನು, ಡೈ ರಿಪೇರಿ, ಅತ್ತೆಯ ಬಿಪಿ ಮಾತ್ರೆ, ಎಲ್ಲ ಒಂದರ ಕೆಳಗೊಂದು. ನಮ್ಮ ಲೆಕ್ಕಪತ್ರ ನೋಡುವವರು, "ಇದರಲ್ಲಿ ವ್ಯಾಪಾರ ಯಾವುದು ಸಂಸಾರ ಯಾವುದು ಅಕ್ಕಾ?" ಎಂದು ಕೇಳಿದರು. ಕೇಳಿದ್ದು ತಮಾಷೆಗಲ್ಲ. ಜನವರಿ ಪೂರ್ತಿ ರಾತ್ರಿ ಕೂತು ಕೆಂಪು ಪೆನ್ನು, ನೀಲಿ ಪೆನ್ನಲ್ಲಿ ಗುರುತು ಹಾಕಿ ಬೇರೆ ಮಾಡಿದೆ. ಅರ್ಧಕ್ಕರ್ಧ ಸಾಲುಗಳಿಗೆ ಯಾವ ಬಣ್ಣ ಹಾಕಬೇಕೆಂದೇ ಗೊತ್ತಾಗಲಿಲ್ಲ. ಪಿಕಪ್ಪಿನ ಡೀಸೆಲ್ಲು ಎಂದು ಇಟ್ಟುಕೊಳ್ಳಿ. ಹೋಗುವಾಗ ತಟ್ಟೆ, ಬರುವಾಗ ಹಿಂಡಿ ಚೀಲ.

ಹೊರಡುವ ಮೊದಲು ಕೆಲಸ ಹಂಚಿದೆ. ಹಾಳೆ ತಕ್ಕೊಳ್ಳುವುದು ಮಾತ್ರ ನಾನೇ, ವಾಟ್ಸಾಪ್ ವೀಡಿಯೊದಲ್ಲಿ ನೋಡಿ ಹೇಳುತ್ತೇನೆ ಎಂದಿಟ್ಟುಕೊಂಡೆ. ಅದು ಬೇರೆಯವರ ಕೈಗೆ ಕೊಡುವ ಕೆಲಸ ಅಲ್ಲ ಎಂಬುದು ನನ್ನ ನಂಬಿಕೆ. ಒಂದು ಲೋಡು ಕೆಟ್ಟ ಹಾಳೆ ಒಳಗೆ ಬಂದರೆ ಪಕ್ಕದ ಒಳ್ಳೆ ಹಾಳೆಯನ್ನೂ ಕೆಡಿಸುತ್ತದೆ. ಮೆಷೀನು ಹಿರಿಯಕ್ಕನಿಗೆ. ಅವರು ಹಾಳೆತಟ್ಟೆಯ ಕೆಲಸಕ್ಕೆ ಬಂದದ್ದು ನನಗಿಂತ ಮೊದಲು, ಬೇರೆ ಘಟಕದಲ್ಲಿ. ಲೆಕ್ಕ ಮಗಳಿಗೆ ಬೇಡ ಅಂದೆ, ಅವಳೇ ಹಟ ಮಾಡಿ ವಹಿಸಿಕೊಂಡಳು. ಗಣಿತಕ್ಕಿಂತ ಸುಲಭವಂತೆ.

ಉಳಿದದ್ದು ಸಿಮ್ಮು. ಅಲ್ಲಿ ಇಂಟರ್‌ನೆಟ್ಟಿಗೆ ಬೇರೆ ಸಿಮ್ಮು ಹಾಕುವುದೆಂದು ಆಗಿತ್ತು. ನನ್ನದು ಒಂದೇ ಸಿಮ್ಮಿನ ಫೋನು. ಬ್ಯಾಂಕಿನ ಓಟಿಪಿ, ಆಧಾರಿನ ಓಟಿಪಿ, ಗ್ಯಾಸಿನ ಓಟಿಪಿ ಎಲ್ಲ ಬರುವುದು ಹಳೇ ನಂಬರಿಗೆ. ಅದನ್ನು ತೆಗೆದು ಅತ್ತೆಯ ಗುಂಡಿ ಫೋನಿಗೆ ಹಾಕಿ, ಅಡಿಗೆಮನೆಯ ಉಪ್ಪಿನ ಭರಣಿಯ ಪಕ್ಕ ಇಟ್ಟೆ. "ಅತ್ತೆ, ನಾನು ಫೋನ್ ಮಾಡಿ ಕೇಳಿದಾಗ ಇದರಲ್ಲಿ ಬಂದ ನಂಬರ್ ಓದಿ ಹೇಳಿದ್ರೆ ಸಾಕು." ಅವರು ಆಯ್ತು ಅಂದರು. ಅಷ್ಟು ದೊಡ್ಡ ಕೆಲಸಕ್ಕೆ ಅಷ್ಟು ಸಲೀಸಾಗಿ ಆಯ್ತು ಅಂದದ್ದನ್ನು ಕೇಳಿ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೇಳದ ಅಂಗಳಕ್ಕೆ ಹೋದ ಮೊದಲ ದಿನ ಕಂಡದ್ದು ಹೊರಗೆ ನಿಂತ ಕಪ್ಪು ಲೋಹದ ದೊಡ್ಡ ಮನುಷ್ಯ. ಕೈಯಲ್ಲಿ ಸುತ್ತಿಗೆ, ಅದನ್ನು ನಿಧಾನಕ್ಕೆ ಎತ್ತುತ್ತಾನೆ, ಇಳಿಸುತ್ತಾನೆ, ಮತ್ತೆ ಎತ್ತುತ್ತಾನೆ. ನಮ್ಮ ಮೂರನೇ ಮೆಷೀನಿನ ಥರ. ಚಳಿ ಮೂಳೆಗೆ ಹೋಗುವಂಥದ್ದು. ಬೀದಿಯ ಕಂಬಗಳಲ್ಲೆಲ್ಲ ಚುನಾವಣೆಯ ಮುಖಗಳು, ಫೆಬ್ರವರಿ 23ಕ್ಕೆ ಅವರ ಮತದಾನ. ನಾನು ಇದ್ದದ್ದು ಪಕ್ಕದ ಊರು ಆಫೆನ್‌ಬಾಖಿನ ಒಂದು ಬಾಡಿಗೆ ಮನೆಯಲ್ಲಿ, ಮೊರಾದಾಬಾದಿನ ಹಿತ್ತಾಳೆ ಪಾತ್ರೆಯ ಒಬ್ಬ ಹೆಂಗಸಿನ ಜೊತೆ. ಮೇಳದ ಸಮಯದಲ್ಲಿ ಊರೊಳಗಿನ ಹೋಟೆಲಿನ ಬೆಲೆ ಕೇಳುವುದೂ ಬೇಡ.

ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನಮ್ಮ ಘಟಕ ತೆರೆಯುವ ಎಂಟು ಗಂಟೆ ಅಂದರೆ ಅಲ್ಲಿ ನಡುರಾತ್ರಿ ಕಳೆದು ಮೂರೂವರೆ. ನಾನು ಮೂರೂವರೆಗೆ ಎದ್ದು, ಕಂಬಳಿ ಹೊದ್ದು ಬಚ್ಚಲಿನ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಹಾಳೆಯ ಲೋಡು ನೋಡುತ್ತಿದ್ದೆ. ಆರಕ್ಕೆ ಅವಲಕ್ಕಿ ತಿಂದು, ಏಳೂವರೆಗೆ ರೈಲು, ಒಂಬತ್ತಕ್ಕೆ ಮಳಿಗೆಯಲ್ಲಿ ಸೀರೆ ಉಟ್ಟು ನಗುತ್ತಾ ನಿಲ್ಲುವುದು. ಎರಡನೇ ದಿನಕ್ಕೇ ಕಣ್ಣು ಉರಿಯತೊಡಗಿತು. ಮೊರಾದಾಬಾದಿನ ಹೆಂಗಸು, "ರಾತ್ರಿ ಬಚ್ಚಲಲ್ಲಿ ಯಾರೊಟ್ಟಿಗೆ ಮಾತಾಡ್ತೀರಿ?" ಎಂದು ಹಿಂದಿಯಲ್ಲಿ ವಿಚಾರಿಸಿದರು. ಹಾಳೆಯೊಟ್ಟಿಗೆ ಅಂದರೆ ಅವರಿಗೆ ಅರ್ಥ ಆಗುತ್ತಿರಲಿಲ್ಲ.

ಹಾಳೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ನನಗೆ ಸರಿಯಾದ ಶಬ್ದ ಸಿಗಲೇ ಇಲ್ಲ. ಎಲೆ ಅಂದರೆ ಬಾಳೆಲೆ ಎಂದು ತಿಳಿಯುತ್ತಾರೆ, ತೊಗಟೆ ಅಂದರೆ ಮರ ಕಡಿದಿರಾ ಎಂದು ಕೇಳುತ್ತಾರೆ. ಜರ್ಮನರು ಅದಕ್ಕೆ ಪಾಲ್ಮ್‌ಬ್ಲಾಟ್ ಅನ್ನುತ್ತಾರೆ. ಅಂದರೆ ತಾಳೆಯ ಜಾತಿಯ ಮರದ ಎಲೆ, ಅದೂ ಪೂರ್ತಿ ಸರಿಯಲ್ಲ. ಮೊದಲ ದಿನ ಮಧ್ಯಾಹ್ನ ಒಬ್ಬರು ವಯಸ್ಸಾದವರು ಬಂದು ತಟ್ಟೆಯನ್ನು ಉಗುರಲ್ಲಿ ತಟ್ಟಿ, ಮೂಸಿ, ಇದು ಮರದಲ್ಲಿ ಎಲ್ಲಿರುತ್ತದೆ ಎಂದು ಕೇಳಿದರು. ಬಾಯಲ್ಲಿ ಹೇಳಲಿಕ್ಕೆ ಆಗದೆ ಫೋನಿನಲ್ಲಿದ್ದ ಒಂದು ಹಳೇ ವೀಡಿಯೊ ತೋರಿಸಿದೆ. ಮಗಳು ಆರು ವರ್ಷದವಳಿದ್ದಾಗ ಹಾಳೆಯ ಮೇಲೆ ಕೂತಿದ್ದಾಳೆ, ಭಾವನ ಮಗ ಸೋಗೆಯ ತುದಿ ಹಿಡಿದು ತೋಟದ ಇಳಿಜಾರಿನಲ್ಲಿ ಎಳೆಯುತ್ತಿದ್ದಾನೆ. ಆ ಮನುಷ್ಯರು ಜೋರಾಗಿ ನಕ್ಕು, "ಶ್ಲಿಟ್ಟನ್!" ಅಂದರು. ಹಿಮದ ಮೇಲೆ ಜಾರುವ ಗಾಡಿ. ಅವರ ಊರು ಬವೇರಿಯಾದ ಗುಡ್ಡದ ಕಡೆಯಂತೆ. ಆಮೇಲೆ ಐದು ದಿನವೂ ನಾನು ಬೆಲೆಪಟ್ಟಿಗಿಂತ ಮೊದಲು ತೋರಿಸಿದ್ದು ಅದೇ ವೀಡಿಯೊ.

ಶನಿವಾರ ನಮ್ಮಲ್ಲಿ ಬಟವಾಡೆ. ಫೆಬ್ರವರಿ 8 ಎರಡನೇ ಶನಿವಾರ, ಬ್ಯಾಂಕಿಗೆ ರಜೆ ಎಂಬುದು ನನ್ನ ತಲೆಯಲ್ಲಿ ಇರಲಿಲ್ಲ. ಚೆಕ್ ಬರೆದಿಟ್ಟು ಬಂದಿದ್ದೆ. ಸಂಜೆ ಐದೂವರೆಗೆ ನಮ್ಮವರ ಫೋನು, ಅಲ್ಲಿ ಮಧ್ಯಾಹ್ನ ಒಂದು ಗಂಟೆ, ಮಳಿಗೆಯ ಎದುರು ಇಬ್ಬರು ಗಿರಾಕಿಗಳು. "ಚೆಕ್ಕು ನಡೀಲಿಲ್ಲ. ಹೆಂಗಸರು ಅಂಗಳದಲ್ಲಿ ಕೂತಿದ್ದಾರೆ." ಅವರ ಕೈಯಲ್ಲಿ ನಗದು ಇರಲಿಲ್ಲ. ಧಾರಣೆ ಏರುತ್ತದೆ ಎಂದು ಅಡಿಕೆಯನ್ನು ಕೊಡದೆ ಅಟ್ಟದ ಮೇಲೆ ಇಟ್ಟುಕೊಂಡು ಕೂತಿದ್ದರು, ನಮ್ಮ ಊರಿನ ಎಲ್ಲ ಗಂಡಸರ ಹಾಗೆ. ನಾನು ಅವರ ಖಾತೆಗೆ ಹಾಕಿದರೆ ಎಟಿಎಮ್ಮಿನಿಂದ ತೆಗೆದು ಹಂಚಬಹುದು. ಹಾಕಲಿಕ್ಕೆ ಓಟಿಪಿ ಬೇಕು.

ಅತ್ತೆಗೆ ವಾಟ್ಸಾಪ್ ಕರೆ ಹಚ್ಚಿದೆ, ಮಗಳ ಫೋನಿಗೆ. ಮಗಳು ಕೊಟ್ಟು ಟ್ಯೂಷನ್ನಿಗೆ ಓಡಿದಳು.

"ಅತ್ತೆ, ಈಗ ಗುಂಡಿ ಫೋನಿಗೆ ಒಂದು ಮೆಸೇಜ್ ಬಂತಲ್ಲ, ಅದರ ನಂಬರ್ ಹೇಳಿ."

"ಬಂದಿದೆ. ಆದರೆ ಹೇಳ್ಲಿಕ್ಕೆ ಆಗುದಿಲ್ಲ."

"ಯಾಕೆ?"

"ಯಾರಿಗೂ ಹೇಳಬೇಡಿ ಅಂತ ಅದರಲ್ಲೇ ಬರೆದಿದ್ದಾರಂತೆ. ಮೊನ್ನೆ ಬ್ಯಾಂಕಿನವರು ಸಂಘದ ಮೀಟಿಂಗಿಗೆ ಬಂದು ಹೇಳಿ ಹೋಗಿದ್ದಾರೆ. ಮಗಳು ಅಂತ ಕೇಳ್ತಾರೆ, ಸೊಸೆ ಅಂತ ಕೇಳ್ತಾರೆ, ಪೊಲೀಸ್ ಅಂತ ಕೇಳ್ತಾರೆ, ಯಾರು ಕೇಳಿದ್ರೂ ಹೇಳಬಾರದು."

"ನಾನೇ ಅತ್ತೆ!"

"ನೀನೇ ಅಂತ ಹೇಗೆ ನಂಬುದು? ಈಗ ದನಿಯನ್ನೇ ಕಳ್ಳ ಮಾಡ್ತಾರಂತೆ."

ಎದುರು ನಿಂತಿದ್ದ ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ನಾನು ಒಂದು ಕೈಯಲ್ಲಿ ಹತ್ತಿಂಚಿನ ತಟ್ಟೆ ಅವರ ಕೈಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, "ಏನಾದ್ರೂ ಕೇಳಿ ಅತ್ತೆ, ನಾನು ಮಾತ್ರ ಹೇಳುವಂಥದ್ದು" ಎಂದೆ. ಅವರು ಯೋಚನೆ ಮಾಡಿದರು. ಅಷ್ಟರಲ್ಲಿ ಮೊದಲ ಓಟಿಪಿಯ ಅವಧಿ ಮುಗಿಯಿತು.

"ನೀನು ಮದುವೆಯಾಗಿ ಬಂದ ವರ್ಷ ಬಾವಿಗೆ ಬಿದ್ದದ್ದು ಎಂತದ್ದು?"

ನನ್ನ ಮಾಂಗಲ್ಯದ ಸರ. ನೀರು ಸೇದುವಾಗ ಕೊಂಡಿ ಬಿಟ್ಟು ಬಿದ್ದದ್ದು. ಯಾರಿಗೂ ಹೇಳಬೇಡ ಎಂದು ಅತ್ತೆಯೇ ಪಾತಾಳ ಗರಡಿ ಹಾಕಿ ರಾತ್ರಿ ತೆಗೆಸಿಕೊಟ್ಟಿದ್ದರು. ಮೇಳದ ಆ ಗದ್ದಲದ ನಡುವೆ ನಾನು "ಕರಿಮಣಿ ಸರ, ಅತ್ತೆ, ಕರಿಮಣಿ ಸರ!" ಎಂದು ಕೂಗಿ ಹೇಳಬೇಕಾಯಿತು. ಇನ್ನೊಂದು ಓಟಿಪಿ ಕಳಿಸಿದೆ. ಅತ್ತೆ ಕನ್ನಡಕ ಹುಡುಕಿ, ಮೆಸೇಜಿನಲ್ಲಿದ್ದ ಅಂಕೆಗಳನ್ನೆಲ್ಲ ಮೊದಲಿನಿಂದ ಓದತೊಡಗಿದರು. ಖಾತೆಯ ಕೊನೆಯ ನಾಲ್ಕು ಅಂಕೆ, ಮೊತ್ತ, ತಾರೀಕು, ಆಮೇಲೆ ಓಟಿಪಿ. ಎಲ್ಲವನ್ನೂ ಬರೆದುಕೊಂಡು ಆರು ಅಂಕೆಯದ್ದು ಯಾವುದೆಂದು ಹೆಕ್ಕಿ ಹಾಕಿದೆ. ಹಣ ಹೋಯಿತು. ತಲೆ ಎತ್ತಿ ನೋಡಿದರೆ ಗಿರಾಕಿಗಳು ಹೋಗಿದ್ದರು. ಅವರ ಜಾಗದಲ್ಲಿ ಜರ್ಕಿನ್ ಹಾಕಿದ ಒಬ್ಬ ಹುಡುಗ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾ ನಿಂತಿದ್ದ. ಶಿವಮೊಗ್ಗದವನಂತೆ, ಅಲ್ಲೇ ಕೆಲಸ. "ಎರಡು ಸಾಲು ಆಚೆಗೆ ಕೇಳಿಸ್ತು ಅಕ್ಕ" ಅಂದ. ಅವನೇನೂ ಕೊಳ್ಳಲಿಕ್ಕೆ ಬಂದವನಲ್ಲ. ಆದರೆ ಹತ್ತು ನಿಮಿಷ ಮಳಿಗೆ ನೋಡಿಕೊಳ್ಳುತ್ತೇನೆ, ನೀವು ಏನಾದರೂ ತಿಂದು ಬನ್ನಿ ಅಂದ. ಆ ವಾರದಲ್ಲಿ ನನಗೆ ಅಷ್ಟು ಉಪಕಾರ ಇನ್ಯಾರೂ ಮಾಡಲಿಲ್ಲ.

ಭಾನುವಾರ ಊರಿನಲ್ಲಿ ಅಂಗಡಿಗಳೆಲ್ಲ ಬಂದ್, ಮೇಳ ಮಾತ್ರ ನಡೆಯುತ್ತಿತ್ತು. ಸೋಮವಾರ ಬೆಳಗಿನ ಜಾವ ಬಚ್ಚಲಿನಲ್ಲಿ ವೀಡಿಯೊ ಹಚ್ಚಿದಾಗ ಹಿರಿಯಕ್ಕ ಪಿಕಪ್ಪಿನ ಹಿಂದೆ ನಿಂತಿದ್ದರು. ಒಳ್ಳೆಯ ಅಗಲದ, ಬೆಳ್ಳನೆಯ ಹಾಳೆ. ಕೊಡುವವರು ವರ್ಷಗಳಿಂದ ಗೊತ್ತಿರುವವರು. ಫೋನಿನಲ್ಲಿ ನೋಡಿ "ಇಳಿಸಿಕೊಳ್ಳಿ" ಅಂದೆ.

ಹಿರಿಯಕ್ಕ "ಬೊಡ್ಚಿ" ಅಂದರು. ತುಳುವಿನಲ್ಲಿ ಬೇಡ ಎಂದು. ಅವರು ಕನ್ನಡ ಬಿಟ್ಟು ತುಳುವಿಗೆ ಹೋದರೆಂದರೆ ಮಾತು ಮುಗಿಯಿತು ಎಂದೇ ಅರ್ಥ.

"ಯಾಕೆ? ಚೆನ್ನಾಗಿಯೇ ಉಂಟಲ್ಲ."

ಅವರು ಒಂದು ಹಾಳೆ ತೆಗೆದು, ಫೋನಿನ ಹತ್ತಿರ ತಂದು, ಎರಡೂ ಕೈಯಲ್ಲಿ ಬಗ್ಗಿಸಿದರು. ಒಣಗಿದ ಹಾಳೆ ಬಗ್ಗಿಸಿದರೆ ಚಟ್ ಎಂದು ನಾರು ಮುರಿಯುವ ಸದ್ದು ಬರುತ್ತದೆ. ಇದು ಸದ್ದಿಲ್ಲದೆ ಬಾಗಿತು. ಮೂಸಿ ನೋಡಿದರು. ಆ ವಾಸನೆ ನನಗೆ ಫೋನಿನಲ್ಲಿ ಬರುವುದು ಹೇಗೆ? ಆಮೇಲೆ ಹಾಳೆಯ ದಪ್ಪ ಬುಡವನ್ನು ಕತ್ತಿಯಲ್ಲಿ ಸೀಳಿ ತೋರಿಸಿದರು. ಒಳಗಿನ ಪದರದಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆ. ಬೇಸಗೆಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರಿನ ನೀರು. ಬಿದ್ದ ಹಾಳೆಯನ್ನು ಅದೇ ದಿನ ಹೆಕ್ಕದೆ ಬಿಟ್ಟರೆ ನೀರು ಬಿದ್ದು, ಬಿಸಿಲಿಗೆ ಒಣಗಿ, ಮತ್ತೆ ನೀರು ಬಿದ್ದು ಒಳಗೊಳಗೇ ಹಾಳಾಗುತ್ತದೆ. ಮೇಲ್ಮೈ ಮಾತ್ರ ಬಿಸಿಲು ತಿಂದು ಬೆಳ್ಳಗೆ ಚಂದ ಕಾಣುತ್ತದೆ. ನಾನು ನೋಡಿದ್ದು ಅದನ್ನೇ.

"ಅಕ್ಕಾ, ನೀವು ಅಲ್ಲಿಂದ ನೋಡಿದ್ರೆ ಇದು ಕಾಣ್ಲಿಕ್ಕಿಲ್ಲ" ಎಂದರು. ಸಮಾಧಾನ ಮಾಡುವ ದನಿಯಲ್ಲಿ. ಎದುರಿಗಿದ್ದರೂ ನನಗೆ ಕಾಣುತ್ತಿತ್ತು ಎಂದು ಎದೆ ತಟ್ಟಿ ಹೇಳಲಾರೆ. ಪರಿಚಯದವರ ಲೋಡನ್ನು ನಾನು ಸೀಳಿ ನೋಡಿದವಳೇ ಅಲ್ಲ. ಮುಖ ನೋಡಿ ಇಳಿಸಿಕೊಳ್ಳುತ್ತಿದ್ದೆ. ಹೋದ ವರ್ಷ ಎರಡು ಸಲ ತಟ್ಟೆಗೆ ಬೂಸ್ಟು ಬಂದು ವಾಪಸಾದದ್ದು ಪ್ಯಾಕಿಂಗಿನ ತಪ್ಪಿನಿಂದ ಎಂದೇ ತಿಳಿದಿದ್ದೆ. ಪ್ಯಾಕಿಂಗಿನ ಹುಡುಗಿಗೆ ಬೈದೂ ಇದ್ದೆ. ಆಫೆನ್‌ಬಾಖಿನ ಆ ಬಚ್ಚಲಿನಲ್ಲಿ ಕಂಬಳಿ ಹೊದ್ದು ಕೂತು ಅವಳ ಮುಖ ನೆನಪಾಯಿತು.

ಲೋಡು ವಾಪಸು ಹೋಯಿತು. ನಾನು ಮಂಗಳವಾರ ಮೂರೂವರೆಗೆ ಅಲಾರಂ ಇಡಲಿಲ್ಲ.

ಅದೇ ಸೋಮವಾರ ಮಧ್ಯಾಹ್ನ ಶ್ಲಿಟ್ಟನ್ ಎಂದ ಹಿರಿಯರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ವ್ಯಾಪಾರ ನೋಡುವುದು ಆಕೆ. ಹಬ್ಬ, ಮದುವೆ, ಬಯಲು ಊಟಗಳಿಗೆ ತಟ್ಟೆ ಸರಬರಾಜು. ಆಕೆಗೆ ವೀಡಿಯೊ ಬೇಡ, ಪ್ರಶ್ನೆಗಳೇ. ಅವರ ದೇಶದ ಆಹಾರ ಕಾಯ್ದೆಯ ಪ್ರಕಾರ ಪರೀಕ್ಷೆ ಆಗಿದೆಯೇ, ತೇವಾಂಶ ಎಷ್ಟು, ಧೂಮೀಕರಣ ಎಲ್ಲಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಯಾರು ಕೊಡುತ್ತಾರೆ. ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು: ಕೆಂಪು ಸಮುದ್ರದ ದಾರಿ ತಪ್ಪಿಸಿ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಬರುತ್ತಿವೆ, ವಾರ-ಎರಡು ವಾರ ಹೆಚ್ಚು ಹಿಡಿಯುತ್ತದೆ, ಅಷ್ಟು ದಿನ ಮುಚ್ಚಿದ ಪೆಟ್ಟಿಗೆಯೊಳಗೆ ನಿಮ್ಮ ತಟ್ಟೆಗೆ ಬೂಸ್ಟು ಬರುವುದಿಲ್ಲ ಎಂದು ಹೇಗೆ ಹೇಳುತ್ತೀರಿ?

ಹಿಂದಿನ ದಿನ ಕೇಳಿದ್ದರೆ ತೇವಾಂಶದ ಮೀಟರು, ಯುವಿ ದೀಪ ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆ. ಅವತ್ತು ಬೆಳಗಿನ ವೀಡಿಯೊದಿಂದ ತೆಗೆದಿಟ್ಟ ಚಿತ್ರ ತೋರಿಸಿದೆ. ಸೀಳಿದ ಹಾಳೆ, ಕಪ್ಪು ಚುಕ್ಕೆ, ಹಿರಿಯಕ್ಕನ ಹೆಬ್ಬೆರಳು. ಈ ಲೋಡನ್ನು ಇವರು ಇವತ್ತು ವಾಪಸು ಕಳಿಸಿದರು, ನಾನು ತಕ್ಕೊಳ್ಳಿ ಅಂದಿದ್ದೆ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾಲಕಿಯಾದವಳು ಗಿರಾಕಿಯ ಎದುರು ಹೇಳುವ ಮಾತೇ ಅದು? ಆಕೆ ಚಿತ್ರವನ್ನು ಹಿಗ್ಗಿಸಿ ನೋಡಿ, ಇವರ ಹೆಸರೇನು ಎಂದು ಕೇಳಿದಳು. ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಹೆಸರು ಬರೆದುಕೊಂಡದ್ದು ಅದರ ಕೆಳಗೆ.

ಊರಿಗೆ ಬಂದು ಇಳಿದಾಗ ಅಡಿಕೆ ಇನ್ನೂ ಅಟ್ಟದಲ್ಲೇ ಇತ್ತು. ಮಗಳು ಒಂದು ವಾರದ ಲೆಕ್ಕವನ್ನು ಎರಡು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು, ಒಂದರ ಮೇಲೆ 'ಮನೆ', ಇನ್ನೊಂದರ ಮೇಲೆ 'ಹಾಳೆ'. ಡೀಸೆಲನ್ನು ಅರ್ಧರ್ಧ ಮಾಡಿದ್ದಳು. ನನಗೆ ಹೊಳೆಯಲಿಲ್ಲವಲ್ಲ! ಅತ್ತೆ ಗುಂಡಿ ಫೋನನ್ನು ಕೊಡುವಾಗ, ಕಾಸರಗೋಡಿನ ಒಬ್ಬರು ಮದುವೆಗೆ ತಟ್ಟೆ ಕೇಳಿದ್ದರು, ಎಷ್ಟಕ್ಕೆ ಅಂತ ಗೊತ್ತಿಲ್ಲದೆ ನಾಲ್ಕು ರೂಪಾಯಿ ಹೇಳಿದ್ದೇನೆ, ಒಪ್ಪಿದರು ಎಂದರು. ನಾನು ಮೂರೂಕಾಲಿಗೆ ಕೊಡುವ ತಟ್ಟೆ ಅದು.

ಪ್ಯಾಕಿಂಗಿನ ಹುಡುಗಿಯ ಹತ್ತಿರ ಮಾತಾಡಿದೆ. ಅವಳು "ಇರಲಿ ಬಿಡಿ ಅಕ್ಕ" ಅಂದಳೇ ಹೊರತು ತಲೆ ಎತ್ತಲಿಲ್ಲ.

ಹಾಳೆ ತಕ್ಕೊಳ್ಳುವ ಕೆಲಸ ಆಮೇಲೆ ನನ್ನದಾಗಿ ಉಳಿಯಲಿಲ್ಲ. ಹಿರಿಯಕ್ಕ ಬೇಡ ಅಂದ ಲೋಡನ್ನು ನಾನು ಬೇಕು ಅನ್ನುವಂತಿಲ್ಲ ಎಂದು ಹಾಳೆ ಕೊಡುವವರಿಗೆಲ್ಲ ಹೇಳಿದೆವು. ಇಬ್ಬರು ಮುನಿಸಿಕೊಂಡು ಬೇರೆ ಘಟಕಕ್ಕೆ ಹೋದರು. ಹಿರಿಯಕ್ಕನ ಕೂಲಿ ಹೆಚ್ಚು ಮಾಡಿದೆ. ಅದರ ಬಗ್ಗೆ ಮನೆಯಲ್ಲಿ ಸ್ವಲ್ಪ ಮಾತಾಯಿತು, ಅದು ಇಲ್ಲಿಗೆ ಬೇಡ. ಬ್ಯಾಂಕಿನಲ್ಲಿ ಘಟಕಕ್ಕೆ ಬೇರೆ ಖಾತೆ ತೆರೆದು ನಮ್ಮವರಿಗೂ ಅದರಲ್ಲಿ ಸಹಿಯ ಅಧಿಕಾರ ಕೊಟ್ಟೆ. ಓಟಿಪಿಯ ವಿಷಯದಲ್ಲಿ ಅತ್ತೆಗೆ ನಿವೃತ್ತಿ ಸಿಕ್ಕಿತು. ಅವರಿಗೆ ಅದು ಅಷ್ಟೇನೂ ಇಷ್ಟವಾದಂತೆ ಕಾಣಲಿಲ್ಲ.

ಬವೇರಿಯಾದವರ ಆರ್ಡರು ಮಾರ್ಚಿನಲ್ಲಿ ಬಂತು. 20 ಅಡಿಯ ಒಂದು ಕಂಟೇನರು. ಹಾಳೆತಟ್ಟೆಗೆ ತೂಕ ಇಲ್ಲ, ಜಾಗ ತಿನ್ನುವುದು ಮಾತ್ರ ಬಹಳ. ನಮ್ಮ ನಾಲ್ಕು ಮೆಷೀನಿಗೆ ಅಷ್ಟು ತುಂಬಿಸುವ ಶಕ್ತಿ ಇಲ್ಲ. ಸುಳ್ಯದ ಒಬ್ಬರು, ಬೆಳ್ತಂಗಡಿಯ ಒಬ್ಬರು ಸೇರಿಕೊಂಡರು. ಅವರ ಹಾಳೆಯನ್ನೂ ಹಿರಿಯಕ್ಕ ಹೋಗಿ ಸೀಳಿ ನೋಡಿದ ಮೇಲೆಯೇ ಕೆಲಸ ಶುರು. ಮಗಳ ಪರೀಕ್ಷೆ ನಡೆಯುವಾಗ ರಾತ್ರಿ ಎರಡನೇ ಪಾಳಿ ಓಡಿಸಿದೆವು. ಅವಳು ಮೆಷೀನಿನ ಸದ್ದಿನಲ್ಲೇ ಸಮಾಜ ಓದಿದಳು. ಏಪ್ರಿಲ್ ಕೊನೆಯಲ್ಲಿ ಮಂಗಳೂರು ಬಂದರಿಂದ ಹೊರಟಿತು. ಕೊಲಂಬೊದಲ್ಲಿ ದೊಡ್ಡ ಹಡಗಿಗೆ ಬದಲಿ, ಅಲ್ಲಿಂದ ಆಫ್ರಿಕಾ ಸುತ್ತಿ ಹ್ಯಾಂಬರ್ಗ್.

ತಟ್ಟೆ ಸಮುದ್ರದಲ್ಲಿರುವಾಗ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪತ್ರ ಹೊರಬಿತ್ತು. ಅಡಿಕೆ ಮರದ ಹಾಳೆಯಿಂದ ಮಾಡಿದ ತಟ್ಟೆ-ಬಟ್ಟಲು ಅಲ್ಲಿ ಮಾರುವಂತಿಲ್ಲ ಎಂದು. ಅಡಿಕೆಯಲ್ಲಿರುವ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಎಂಬುದು ಅವರ ಕಾರಣ. ನಮ್ಮ ಕಡೆ ಹಾಳೆತಟ್ಟೆ ಮಾಡುವವರ ಎಲ್ಲರ ಫೋನಿನಲ್ಲೂ ಎರಡು ದಿನ ಅದೇ. ಅಮೆರಿಕದ ಆರ್ಡರು ಇದ್ದವರ ಗೋದಾಮು ತುಂಬಿಕೊಂಡಿತು. ಹಾಳೆಯಲ್ಲಿ ಮಗುವಿಗೆ ಮೀಯಿಸಿ, ಹಾಳೆಯ ಟೊಪ್ಪಿ ಇಟ್ಟು ತೋಟಕ್ಕೆ ಹೋಗಿ, ಹಾಳೆಯಲ್ಲೇ ಊಟ ಮಾಡಿದವರು ನಾವು ಎಂಬ ವಾದ ನನಗೂ ಬಾಯಿಗೆ ಬಂತು. ಬಂದರೂ, ತಟ್ಟೆ ಕೊಳ್ಳುವವರು ಕೇಳುವುದು ಪರೀಕ್ಷೆಯ ವರದಿ, ಅಜ್ಜನ ಕಥೆ ಅಲ್ಲ. ಬವೇರಿಯಾದ ಮಗಳಿಗೆ ಪತ್ರದ ವಿಷಯ ನಾನೇ ಮೊದಲು ಬರೆದು ತಿಳಿಸಿದೆ. ಆಕೆ ಅಲ್ಲಿನ ಪ್ರಯೋಗಾಲಯದಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಬೇಕು, ಖರ್ಚು ಅರ್ಧರ್ಧ ಎಂದಳು. ಒಪ್ಪಿದೆ. ವರದಿ ಬರುವ ತನಕ ಮೂರು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಗಿನ ಮೂರೂವರೆಗೆ ಎಚ್ಚರಾಗುವುದು ಮತ್ತೆ ಶುರುವಾಯಿತು, ಈ ಸಲ ನಮ್ಮ ಗಡಿಯಾರದ ಮೂರೂವರೆ. ವರದಿಯಲ್ಲಿ ಆಕೆಗೆ ತೊಂದರೆ ಕಾಣಲಿಲ್ಲ, ಸರಕನ್ನು ಬಿಡಿಸಿಕೊಂಡಳು. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ ಎಂದೂ ಬರೆದಳು.

ಜೂನಿನಲ್ಲಿ ಒಂದು ಸಂಜೆ, ಹೊರಗೆ ಧೋ ಎಂದು ಮಳೆ, ಆಕೆಯಿಂದ ಒಂದು ಚಿತ್ರ ಬಂತು. ಗೋದಾಮಿನಲ್ಲಿ ಬಿಚ್ಚಿದ ಪೆಟ್ಟಿಗೆ, ಪ್ಲಾಸ್ಟಿಕ್ ಸುತ್ತು ಹರಿದು ತೆಗೆದ 25 ತಟ್ಟೆಯ ಕಟ್ಟು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಬೂಸ್ಟು ಇಲ್ಲ. ನಾನು ಓಡಿ ಹೋಗಿ ಹಿರಿಯಕ್ಕನಿಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು ಫೋನು ತೆಗೆದುಕೊಂಡು, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದರು. ಅವರ ಬೆರಳೂ ನನ್ನದರ ಹಾಗೆಯೇ, ಪರದೆ ಎರಡು ಮೂರು ಸಲ ಒಪ್ಪಲಿಲ್ಲ. ತಟ್ಟೆಯ ಅಂಚಿನ ಮೇಲೆ ಕಣ್ಣಿಟ್ಟು ನೋಡಿ, "ಇದು ಮೂರನೇ ಮೆಷೀನಿಂದು. ಅಂಚು ಸ್ವಲ್ಪ ಕೆಂಪಾಗಿದೆ, ಕಾವು ಹೆಚ್ಚಾಗಿದೆ. ನಾಳೆ ಸರಿ ಮಾಡ್ಬೇಕು" ಎಂದು ಫೋನು ವಾಪಸು ಕೊಟ್ಟರು.